ತೊಳೆಯದ ಬಾಯಿ

"ಬೆಳಿಗ್ಗೆ ಹಸಿವು ಅಂದ. ತಡಿಯೋ, ಇನ್ನೇನು ಆಯ್ತು ಅಂದೆ. ತಡೀಲೇ ಇಲ್ಲ ಅವನು."

ಹೆಡ್‌ಫೋನಿನಲ್ಲಿ ನಟನ ಧ್ವನಿ ಇಷ್ಟು ಹೇಳಿ ನಿಂತಿತು. ಅವಳು ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು, ಮತ್ತೂ ಒಮ್ಮೆ ಕೇಳಿದಳು. ಇದು ಚಿತ್ರಕಥೆ ಬರೆದವನ ಮಾತಲ್ಲ, ಅವಳ ಅತ್ತೆಯ ಮಾತು. ಮಗ ಸತ್ತ ವಾರ ಮನೆಗೆ ಬಂದಿದ್ದ ಈ ನಟನ ಎರಡೂ ಕೈ ಹಿಡಿದುಕೊಂಡು ಅತ್ತೆ ಇದನ್ನೇ ಹೇಳಿದ್ದರು. "ತಡೀಲೇ ಇಲ್ಲ" ಅನ್ನುವ ಮೊದಲು ಅವರೂ ಇಷ್ಟೇ ಹೊತ್ತು ನಿಲ್ಲಿಸಿದ್ದರು. ನಟ ಆ ನಿಲುಗಡೆಯನ್ನೂ ಬಿಟ್ಟಿರಲಿಲ್ಲ.

ಪರದೆಯ ಮೇಲೆ ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದ. ಟೀವಿಗಾಗಿ ಮಾಡಿದ ಚಿತ್ರ, ಮಗನನ್ನು ಕಳೆದುಕೊಂಡ ತಂದೆಯ ಪಾತ್ರ. ಮುಖ ಪರದೆಯ ತುಂಬ ಇತ್ತು. ಮಾತು ಮುಗಿದ ಮೇಲೆ ಅವನು ಎಂಜಲು ನುಂಗಿದ. ಅದೂ ಹೆಡ್‌ಫೋನಿನಲ್ಲಿ ಕೇಳಿಸಿತು.

ಅವಳ ಕೆಲಸ ಮಾತನ್ನು ಶುಚಿ ಮಾಡುವುದು. ಚಿತ್ರೀಕರಣದಲ್ಲಿ ಮಾತಿನ ಜೊತೆಗೇ ಬಂದುಬಿಡುವ ಫ್ಯಾನಿನ ಸದ್ದು, ಬಟ್ಟೆಯ ಸರಸರ, ದೂರದ ಹಾರ್ನು ಎಲ್ಲವನ್ನೂ ಕತ್ತರಿಸಿ ತೆಗೆಯಬೇಕು. ಅದಕ್ಕೂ ಮೊದಲು ಬಾಯಿಯ ಸದ್ದು ತೆಗೆಯಬೇಕು. ನಾಲಿಗೆ ಅಂಗುಳದಿಂದ ಬಿಡಿಸಿಕೊಳ್ಳುತ್ತದೆ, ಅಂಟಿದ ತುಟಿ ತೆರೆಯುತ್ತದೆ, ಹಲ್ಲಿನ ಸಂದಿಯಲ್ಲಿ ಎಂಜಲು ಚಿಟಕ್ಕೆನ್ನುತ್ತದೆ. ಎದುರಿಗೆ ಕೂತು ಮಾತಾಡುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಕಿವಿ ತನಗೆ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ಮೈಕಿಗೆ ಆರಿಸಲು ಬರುವುದಿಲ್ಲ, ಆದ್ದರಿಂದ ಆ ಕೆಲಸವನ್ನು ಒಬ್ಬ ಮನುಷ್ಯ ಕೂತು ಮಾಡಬೇಕು. ಸ್ಟುಡಿಯೋದಲ್ಲಿ ಇದಕ್ಕೆ ಬಾಯಿ ತೊಳೆಯುವುದು ಅನ್ನುತ್ತಾರೆ. ಹೊಸಬನಿರಲಿ ಹಳಬನಿರಲಿ, ಪ್ರತಿಯೊಬ್ಬ ನಟನಿಗೂ ಕೇಳದೆ ಸಿಗುವ ಉಪಚಾರ. ತಮ್ಮ ಬಾಯಿಯನ್ನು ಇನ್ನೊಬ್ಬರು ತೊಳೆಯುತ್ತಾರೆಂಬುದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಬಾಗಿಲು ತಳ್ಳಿಕೊಂಡು ಮೇಷ್ಟ್ರು ಒಳಗೆ ಬಂದರು. ಅವರು ಸ್ಟುಡಿಯೋದ ಹಿರಿಯ ಮಿಕ್ಸಿಂಗ್ ಎಂಜಿನಿಯರ್. ಅಲ್ಲಿದ್ದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು.

"ಏನ್ ತಾಯಿ, ಗುಡುಗಪ್ಪ ಎಲ್ಲೀವರೆಗೆ ಬಂದ?"

ನಟನ ದಪ್ಪ ಧ್ವನಿಗೆ ಸ್ಟುಡಿಯೋದವರು ಹಿಂದಿನಿಂದ ಇಟ್ಟ ಹೆಸರು ಅದು.

"ಆಸ್ಪತ್ರೆ ಸೀನು."

"ಇನ್ನೊಂದ್ಸಲ ಕೇಳ್ತೀನಿ. ಬೇಡ ಅನ್ನೋದಾದ್ರೆ ಈಗ್ಲೇ ಬೇಡ ಅನ್ನು. ಬೇರೆಯವರಿಗೆ ಕೊಡ್ತೀನಿ."

"ಬೇರೆಯವರು ಯಾರಿದಾರೆ ಮೇಷ್ಟ್ರೇ?"

"ಯಾರೂ ಇಲ್ಲ. ಆದ್ರೂ ಕೇಳಬೇಕಲ್ಲ."

"ನಾನೇ ಮಾಡ್ತೀನಿ."

ಮೇಷ್ಟ್ರು ಅವಳ ಕುರ್ಚಿಯ ಬೆನ್ನಿನ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಗೆ ಹೋದರು. ಅವಳು ಗಟ್ಟಿ ಹೆಂಗಸು ಎಂದು ಅವರು ಅಂದುಕೊಂಡಿರಬೇಕು.

ಅವಳ ಗಂಡ ಬೂಮ್ ಹಿಡಿಯುತ್ತಿದ್ದ. ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ, ಅದನ್ನು ನಟರ ತಲೆಯ ಮೇಲೆ ಚಾಚಿ ನಿಲ್ಲುವ ಕೆಲಸ. ಹಿಂದಿನ ವರ್ಷ ಇದೇ ನಟನ ಧಾರಾವಾಹಿ. ಅರ್ಧ ಕಟ್ಟಿದ ಕಟ್ಟಡವೊಂದರ ಮೇಲೆ, ಗಾಳಿಯಲ್ಲಿ, ನಟ ಒಬ್ಬನೇ ನಿಂತು ಮಾತಾಡುವ ದೃಶ್ಯ. ಕ್ಯಾಮೆರಾ ದೂರದಲ್ಲಿತ್ತು. ಪಕ್ಕದಿಂದ ಹಿಡಿದರೆ ಕೋಲು ಕಾಣುತ್ತದೆ. ಅಂಗಿಯ ಒಳಗೆ ಕಾಲರ್ ಮೈಕು ಸಿಕ್ಕಿಸಿಕೊಳ್ಳಿ ಎಂದು ಅವಳ ಗಂಡ ಕೇಳಿದ. ಎದೆಯ ಹತ್ತಿರ ಅಂಗಿ ಉಬ್ಬುತ್ತದೆ, ಇಸ್ತ್ರಿ ಕೆಡುತ್ತದೆ ಎಂದು ನಟ ಒಪ್ಪಲಿಲ್ಲ. ಇನ್ನೊಮ್ಮೆ ಕೇಳಿದ. "ನನ್ನ ಧ್ವನಿಗೆ ಕೋಲೇ ಸಾಕಪ್ಪಾ, ನೀನು ಮೇಲಿಂದ ಹಿಡಿ" ಎಂದ ನಟ. ಅವಳ ಗಂಡ ಕಬ್ಬಿಣದ ಅಟ್ಟಣಿಗೆ ಹತ್ತಿ ಮೇಲಿನ ಹಲಗೆಯ ಮೇಲೆ ನಿಂತ. ಬೂಮ್ ಹಿಡಿದವನಿಗೆ ಬೇರೇನನ್ನೂ ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಮೊದಲ ಟೇಕು ಚೆನ್ನಾಗಿಯೇ ಬಂತು. ನಟ ಇನ್ನೊಂದು ಬೇಕೆಂದ.

ಇದನ್ನು ಅವಳಿಗೆ ಹೇಳಿದವನು ಕ್ಯಾಮೆರಾದವನು. ತಾನು ಹೇಳಿದೆನೆಂದು ಯಾರಿಗೂ ಹೇಳಬೇಡಿ ಎಂದೂ ಹೇಳಿದ. ಕಂಪನಿಯವರು ಅಪಘಾತ ಎಂದು ಬರೆದುಕೊಂಡರು. ನಟ ಪತ್ರಿಕೆಯವರ ಮುಂದೆ ಕಣ್ಣೊರೆಸಿಕೊಂಡು, "ನನ್ನ ತಮ್ಮನ ಹಾಗಿದ್ದ. ಕೆಲಸದ ಹುಚ್ಚು. ತಾನಾಗೇ ಹತ್ತಿಬಿಟ್ಟ" ಎಂದ. ಆ ತಮ್ಮನ ಹೆಸರು ನೆನಪಾಗದೆ ಪಕ್ಕದವನ ಕಡೆ ನೋಡಿದ.

ಸಂಜೆ ಅವಳು ಮನೆಗೆ ಬರುವ ಹೊತ್ತಿಗೆ ಟೀವಿಯಲ್ಲಿ ಅವನೇ ಇರುತ್ತಿದ್ದ. ಗಂಡ ಯಾವ ಧಾರಾವಾಹಿಗಾಗಿ ಹತ್ತಿ ಬಿದ್ದನೋ ಅದು ಇನ್ನೂ ನಡೆಯುತ್ತಿತ್ತು. ಅತ್ತೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

"ಬಂದ್ಯಾ? ಕೂತ್ಕೋ, ಈಗ ಶುರುವಾಯ್ತು. ಇವತ್ತು ಮಗಳನ್ನ ಕ್ಷಮಿಸ್ತಾರಂತೆ."

"ಸ್ನಾನ ಮಾಡಿ ಬರ್ತೀನಿ ಅತ್ತೆ."

ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸುತ್ತಿದ್ದಳು. ನೀರಿನ ಸದ್ದು ಧಾರಾವಾಹಿಯ ಹೆಂಗಸರ ಮಾತನ್ನೆಲ್ಲ ಮುಚ್ಚುತ್ತಿತ್ತು, ಸಂಗೀತವನ್ನೂ ಮುಚ್ಚುತ್ತಿತ್ತು. ನಟನ ಧ್ವನಿಯನ್ನು ಮಾತ್ರ ಮುಚ್ಚುತ್ತಿರಲಿಲ್ಲ. ದಪ್ಪ ಸದ್ದಿಗೆ ಗೋಡೆ ಅಡ್ಡ ಬರುವುದಿಲ್ಲ. ಅದು ಹೆಂಚಿನ ಮೂಲಕ, ಕೊಳಾಯಿಯ ಮೂಲಕ ಬಂದು ಅವಳ ಒದ್ದೆ ಬೆನ್ನಿಗೆ ತಾಗುತ್ತಿತ್ತು.

ಅತ್ತೆಗೆ ಅವಳು ಹೇಳಿರಲಿಲ್ಲ. ಎಷ್ಟೋ ಸಲ ಬಾಯಿಯವರೆಗೆ ಬಂದದ್ದು ಹಾಗೇ ಉಳಿದಿತ್ತು. ಮಗ ಹೋದ ಮೇಲೆ ಆ ಮನೆಗೆ ಬಂದ ದೊಡ್ಡ ಮನುಷ್ಯ ಅವನೊಬ್ಬನೇ. ನೆಲದ ಮೇಲೆ ಕೂತ, ಕೈ ಹಿಡಿದ, "ಅಮ್ಮಾ, ನಾನೂ ನಿಮ್ಮ ಮಗನೇ ಅಂದ್ಕೊಳ್ಳಿ" ಎಂದ. ಅತ್ತೆ ಅದನ್ನು ನಿಜವಾಗಿಯೂ ಹಾಗೇ ಅಂದುಕೊಂಡರು. ಪಕ್ಕದ ಮನೆಯವರ ಹತ್ತಿರ "ನಮ್ಮ ದೊಡ್ಡವನು" ಅನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ತಮಾಷೆಗಲ್ಲದೆ. ಊಟ ಸೇರದ ದಿನವೂ ಅವನ ಧಾರಾವಾಹಿ ನೋಡಿದ ಮೇಲೆ ಎದ್ದು ಎರಡು ತುತ್ತು ತಿನ್ನುತ್ತಿದ್ದರು.

ಹಾಗಾಗಿ ಹೇಳಲಿಕ್ಕೆ ಆಗಲಿಲ್ಲ. ಆದರೆ ಆ ಧ್ವನಿ ಕೇಳಿದಾಗ ಅತ್ತೆಯ ಮುಖ ಅರಳುವುದನ್ನು ದಿನಾ ನೋಡಲಿಕ್ಕೂ ಆಗಲಿಲ್ಲ. ಯಾಕೆಂದು ತಿಳಿಯದೆಯೇ ಜನ ಅವನನ್ನು ಕಂಡು ಹೇಸಬೇಕು, ಎಲ್ಲರಿಗಿಂತ ಮೊದಲು ಈ ಮುದುಕಿ ಹೇಸಬೇಕು, ತಾನಾಗಿ ಟೀವಿ ಆರಿಸಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟು. ಬಾಯಿಬಿಟ್ಟು ಹೇಳದೆ ಒಂದು ವಿಷಯವನ್ನು ಜನರ ಮೈಗೆ ಮುಟ್ಟಿಸುವುದೇ ಅವಳ ಕಸುಬಾಗಿತ್ತು. ಈಗ ಅವನ ಬಾಯಿ ಅವಳ ಕೈಯಲ್ಲಿತ್ತು.

ಮೊದಲು ಅವಳು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ. ಸ್ಟುಡಿಯೋದ ಹಿಂದಿನ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದನ್ನು ಹಿಡಿದು ತಂದು ನಿಧಾನ ಮಾಡುತ್ತ ಹೋದಳು. ಕಿವಿ ಅದನ್ನು ಸದ್ದೆಂದು ಗುರುತಿಸುವುದನ್ನು ಬಿಟ್ಟು, ಪಕ್ಕೆಲುಬು ಮಾತ್ರ ಗುರುತಿಸುವಷ್ಟು ಕೆಳಕ್ಕೆ ಇಳಿಸಿದಳು. ಭೂಮಿ ನಡುಗುವ ಮೊದಲು, ದೊಡ್ಡ ಪ್ರಾಣಿ ಹತ್ತಿರ ಬರುವ ಮೊದಲು ಮನುಷ್ಯನಿಗೆ ಕೇಳಿಸುತ್ತಿದ್ದದ್ದು ಇಂಥದ್ದೇ ಇರಬೇಕು. ಇವತ್ತಿಗೂ ಮೈ ಅದನ್ನು ಮರೆತಿಲ್ಲ. ನಟ ಪರದೆಗೆ ಬಂದಾಗಲೆಲ್ಲ ಅದನ್ನು ಸ್ವಲ್ಪ ಸ್ವಲ್ಪವೇ ತುಂಬಿದಳು. ಅವನು ಹೊರಟ ಕೂಡಲೇ ನಿಲ್ಲಿಸಿದಳು. ಓಡುತ್ತಿದ್ದ ಫ್ರಿಜ್ಜು ನಿಂತಾಗ ಮನೆಗೆ ಬರುವ ಹಗುರು ಅವನು ಹೋದಾಗ ಬರಬೇಕು.

ಭಾನುವಾರ ಅದನ್ನು ಮನೆಗೆ ತಂದಳು. ಗಂಡ ಇಷ್ಟಪಟ್ಟು ಕೊಂಡ ಎರಡು ದೊಡ್ಡ ಸ್ಪೀಕರುಗಳು ಹಾಲಿನಲ್ಲಿ ಧೂಳು ಹಿಡಿದು ನಿಂತಿದ್ದವು. ಒರೆಸಿ ತಂತಿ ಜೋಡಿಸಿದಳು. ಅತ್ತೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದರು.

"ಅತ್ತೆ, ಒಂದು ಸೀನು ಹಾಕ್ತೀನಿ. ನೋಡಿ ಹೇಗಿದೆ ಹೇಳ್ತೀರಾ?"

"ನಂಗೇನು ಗೊತ್ತಾಗುತ್ತೆ? ಓದಿದವರ ಕೆಲಸ."

"ಗೊತ್ತಾಗಬೇಕಾಗಿಲ್ಲ. ನೋಡಿ ಸಾಕು."

ಆಸ್ಪತ್ರೆಯ ದೃಶ್ಯ ಶುರುವಾಯಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಅವಳು ಪರದೆ ನೋಡದೆ ಅತ್ತೆಯ ಮುಖ ನೋಡುತ್ತ ಕೂತಳು. ಬಟ್ಟೆ ಮಡಚುತ್ತಿದ್ದ ಕೈ ನಿಧಾನವಾಯಿತು, ನಿಂತಿತು. ಅತ್ತೆ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಅವಳ ಮನಸ್ಸಿನಲ್ಲಿ ಬಹಳ ದಿನದ ಮೇಲೆ ಏನೋ ಬೆಚ್ಚಗೆ ಮಿಸುಕಿತು. ಅಷ್ಟರಲ್ಲಿ ಹಸಿವಿನ ಮಾತು ಬಂತು.

"ಅಯ್ಯೋ," ಎಂದರು ಅತ್ತೆ ಮೆಲ್ಲಗೆ. "ನನ್ನ ಮಾತು ಕಣೆ ಅದು."

"ಹೌದು."

"ನೆನಪಿಟ್ಕೊಂಡಿದಾರೆ ನೋಡು. ಅಷ್ಟು ದೊಡ್ಡ ಮನುಷ್ಯ, ನನ್ನಂಥವಳ ಮಾತು ನೆನಪಿಟ್ಕೊಂಡಿದಾರೆ." ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ನೋಡ್ತಾ ನೋಡ್ತಾ ಎದೆಯೆಲ್ಲ ಭಾರ ಆಗೋಯ್ತು. ಎಷ್ಟು ಸಂಕಟ ತುಂಬ್ಕೊಂಡಿದಾರೆ ಒಳಗೆ. ಪಾಪ."

ಅವಳು ಸ್ಪೀಕರಿನ ತಂತಿ ಕಿತ್ತಳು.

ತಪ್ಪು ಎಲ್ಲಾಯಿತೆಂದು ಆಮೇಲೆ, ಬಟ್ಟೆಗಳನ್ನು ಬೀರುವಿಗೆ ಜೋಡಿಸುವಾಗ ಹೊಳೆಯಿತು. ಈ ಕೆಲಸದಲ್ಲಿ ಪಳಗಿದವರೇ ಮಾಡುವ ತಪ್ಪು. ಕಾಣದ ಸದ್ದೊಂದು ಕೇಳಿದಾಗ ಅದು ಯಾರದೆಂದು ಕಿವಿ ಕಣ್ಣನ್ನು ಕೇಳುತ್ತದೆ. ಕೊಲೆಗಾರನ ಕೆಳಗೆ ಇಟ್ಟರೆ ಅದು ಬೆದರಿಕೆ. ಅಳುವ ಮುದುಕನ ಕೆಳಗೆ ಇಟ್ಟರೆ ಅದು ಅವನ ಎದೆಯೊಳಗಿನ ಭಾರ. ಅವನಲ್ಲಿಲ್ಲದ ದುಃಖವನ್ನು ಅವಳೇ ಎರಕ ಹೊಯ್ದು ಅವನಿಗೆ ಕೊಟ್ಟಿದ್ದಳು.

ಮರುದಿನ ಆ ಗುಂಯ್‌ಗುಡುವಿಕೆಯನ್ನು ಅಳಿಸಿಹಾಕಿದಳು. ಸಂಗೀತ ಬೇಡವೆಂದು ನಿರ್ದೇಶಕನನ್ನು ಒಪ್ಪಿಸಿದಳು. "ಅವರ ಧ್ವನಿಯೇ ಸಾಕು ಸರ್" ಎಂದಳು. ನಿರ್ದೇಶಕನಿಗೆ ಆ ಮಾತು ಹಿಡಿಸಿತು. ನಟನಿಗೆ ಅದಕ್ಕಿಂತ ಹೆಚ್ಚು ಹಿಡಿಸಿತು ಎಂದು ಸುದ್ದಿ ಬಂತು.

ಆಮೇಲೆ ಅವಳು ಅವನ ಬಾಯಿ ತೊಳೆಯುವುದನ್ನು ಬಿಟ್ಟಳು.

ಬರೀ ಬಿಟ್ಟದ್ದಲ್ಲ. ಕಾರಿಡಾರಿನ ಅನುರಣನವನ್ನು ಪೂರ್ತಿ ತೆಗೆದಳು. ದೂರದ ಸದ್ದಿಗೆ ಗೋಡೆಯ ಮಾರ್ದನಿ ಸೇರಿರುತ್ತದೆ, ಹತ್ತಿರದ್ದಕ್ಕೆ ಇರುವುದಿಲ್ಲ. ಮಾರ್ದನಿಯೇ ಇಲ್ಲದ ಮಾತನ್ನು ಮನುಷ್ಯ ಕೇಳುವುದು ಕಿವಿಗೆ ತುಟಿ ತಾಗಿಸಿದವರಿಂದ ಮಾತ್ರ, ಅಷ್ಟು ಹತ್ತಿರಕ್ಕೆ ಬರುವ ಹಕ್ಕು ತೀರ ಕೆಲವರಿಗೆ ಇರುತ್ತದೆ. ನಟನನ್ನು ಅವಳು ಪ್ರತಿಯೊಬ್ಬ ಪ್ರೇಕ್ಷಕನ ಕಿವಿಯ ಹತ್ತಿರಕ್ಕೆ ತಂದು ನಿಲ್ಲಿಸಿದಳು. ನಾಲಿಗೆ ಬಿಡಿಸಿಕೊಳ್ಳುವ ಸದ್ದನ್ನು ಒಂದು ಎಳೆ ಏರಿಸಿದಳು. ಕಟ್ಟಿಸಿದ ಹಲ್ಲು ಕದಲುವ ಟಿಕ್ಕನ್ನು ಉಳಿಸಿದಳು. ನುಂಗುವುದನ್ನು ಎಲ್ಲಿದ್ದರೂ ಬಿಡಲಿಲ್ಲ. ಒಂದು ಕಡೆ ಅಳು ಉಕ್ಕಿ ಬರುವಾಗ ಮೂಗಿನೊಳಗೆ ಏನೋ ಸರಿದಾಡಿತ್ತು. ಅದರ ಮೇಲೆ ಅರ್ಧ ದಿನ ಕೂತಳು.

ಮಿಕ್ಸಿಂಗ್ ದಿನ ಮೇಷ್ಟ್ರು, ನಿರ್ದೇಶಕ ಇಬ್ಬರೂ ದೊಡ್ಡ ಕೋಣೆಯಲ್ಲಿ ಕೂತು ಕೇಳಿದರು. ಮೇಷ್ಟ್ರಿಗೆ ಅರವತ್ತು ದಾಟಿತ್ತು. ನಿರ್ದೇಶಕ ಅರ್ಧ ಆಯುಷ್ಯ ಜನರೇಟರುಗಳ ಪಕ್ಕ ಕಳೆದವನು. ವಯಸ್ಸು ಕಿವಿಯನ್ನು ಮೇಲಿನಿಂದ ತಿನ್ನುತ್ತ ಬರುತ್ತದೆ. ಮೊದಲು ಹೋಗುವುದು ಚೂಪಾದ, ತೆಳ್ಳನೆಯ ಸದ್ದುಗಳು. ಬಾಯಿಯ ಚಿಟಕು ಇರುವುದು ಅಲ್ಲಿಯೇ.

"ಮಾತು ಒಳ್ಳೆ ಹತ್ತಿರ ಇದೆ," ಎಂದ ನಿರ್ದೇಶಕ.

"ಏನೋ ಹೊಸಾ ಥರ ಮಾಡಿದೀಯ ತಾಯಿ," ಎಂದರು ಮೇಷ್ಟ್ರು. "ಇರಲಿ, ಚೆನ್ನಾಗಿದೆ."

ಪ್ರಸಾರಕ್ಕೆ ಮೊದಲು ಒಂದಷ್ಟು ಜನಕ್ಕೆ ತೋರಿಸಿ ನೋಡುವುದು ನಿರ್ದೇಶಕನ ರೂಢಿ. ಕಾಲೇಜಿನ ಹುಡುಗ ಹುಡುಗಿಯರನ್ನು ಕರೆಸಿ ಸಣ್ಣ ಚಿತ್ರಮಂದಿರದಲ್ಲಿ ತೋರಿಸಿದರು. ನಟನೂ ಬಂದು ಕೊನೆಯ ಸಾಲಿನಲ್ಲಿ ಕೂತ. ಅವಳು ಬಾಗಿಲ ಹತ್ತಿರ ಕತ್ತಲಲ್ಲಿ ನಿಂತಳು.

ಮೊದಮೊದಲು ಏನೂ ಆಗಲಿಲ್ಲ. ಆಸ್ಪತ್ರೆಯ ದೃಶ್ಯ ಬಂದು, ಅವನ ಮುಖ ಪರದೆ ತುಂಬಿದಾಗ, ಮುಂದಿನ ಸಾಲಿನ ಹುಡುಗಿ ಭುಜ ಎತ್ತಿ ಕಿವಿ ಉಜ್ಜಿಕೊಂಡಳು. ಆಮೇಲೆ ಒಬ್ಬ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. ಇನ್ನೊಬ್ಬ ತನ್ನ ಗಂಟಲನ್ನೇ ಮುಟ್ಟಿಕೊಂಡ. ನಟ ನುಂಗಿದಾಗ ಸಾಲಿಗೆ ಸಾಲೇ ನುಂಗಿತು. ಹಸಿವಿನ ಮಾತು ಬಂತು. ಅದರ ಹಿಂದೆಯೇ ಹಲ್ಲಿನ ಟಿಕ್ಕು, ಎಂಜಲಿನ ಚಿಟಕು. ಯಾರೋ ಕಿಸಕ್ಕೆಂದರು. ನಗು ತಡೆದುಕೊಂಡವರ ಮೂಗಿನಿಂದ ಗಾಳಿ ಹೊರಟಿತು. ಅದು ಇನ್ನೊಬ್ಬರಿಗೆ ಹತ್ತಿತು. ಕೊನೆಯ ಸಾಲಿನಲ್ಲಿ ನಟ ಎದ್ದು ನಿಂತು, ಯಾರು ನಕ್ಕದ್ದೆಂದು ಕತ್ತಲೊಳಗೆ ಹುಡುಕಿದ.

ಮೆಟ್ಟಿಲಿಳಿಯುವಾಗ ಹುಡುಗಿಯೊಬ್ಬಳು ಗೆಳೆಯನಿಗೆ ಹೇಳುತ್ತಿದ್ದಳು. "ನಂಗೆ ಅವರ ಬಾಯೊಳಗೇ ಕೂತ್ಕೊಂಡ ಹಾಗಾಯ್ತು ಕಣೋ."

"ಲೇ, ಅಳೋದು ಬಿಡು, ಊಟ ಮಾಡ್ತಿದ್ರಾ ಅಂತ ನಂಗೆ ಡೌಟು." ಹುಡುಗ ಗಂಟಲನ್ನು ದಪ್ಪ ಮಾಡಿ, "ಹಸಿವು ಅಂದ" ಎಂದು ಗುಳುಕ್ಕನೆ ನುಂಗಿ ತೋರಿಸಿದ. ಸುತ್ತ ಇದ್ದವರು ಗೊಳ್ಳೆಂದರು. ಅವರ ಹಿಂದೆಯೇ ಇಳಿಯುತ್ತಿದ್ದ ನಟನಿಗೆ ಚಿತ್ರದಲ್ಲಿ ಕೇಳಿಸದ್ದು ಈ ಅಣಕದಲ್ಲಿ ಚೆನ್ನಾಗಿ ಕೇಳಿಸಿತು. ಅವನು ಕಂಬಿ ಹಿಡಿದು ಎಲ್ಲರೂ ಇಳಿದುಹೋಗುವವರೆಗೆ ಅಲ್ಲೇ ನಿಂತ. ಅವಳೂ ಮೇಲಿನ ಮೆಟ್ಟಿಲಿನಲ್ಲಿ ನಿಂತು ಅವನ ಬೋಳು ನೆತ್ತಿಯನ್ನು ನೋಡಿದಳು. ಆ ಸಂಜೆ ಅವಳಿಗೆ ಹಸಿವಾಯಿತು.

ಎರಡು ದಿನದಲ್ಲಿ ಅವನು ಸ್ಟುಡಿಯೋಕ್ಕೆ ಬಂದ. ಆ ದೃಶ್ಯದ ಮಾತನ್ನು ಮತ್ತೆ ಹೇಳಿ ಡಬ್ ಮಾಡುತ್ತೇನೆ ಎಂದ. ಸಾಮಾನ್ಯವಾಗಿ ಡಬ್ಬಿಂಗ್ ಕೋಣೆಯಲ್ಲಿ ಹಸಿರು ಸೇಬಿನ ಹೋಳುಗಳನ್ನು ಇಟ್ಟಿರುತ್ತಾರೆ. ಹುಳಿ ಕಚ್ಚಿದರೆ ಬಾಯಿ ತಿಳಿಯಾಗುತ್ತದೆ, ಚಿಟಕು ಕಡಿಮೆಯಾಗುತ್ತದೆ. ಅವಳು ಸೇಬಿನ ತಟ್ಟೆಯನ್ನು ಹೊರಗೆ ಕಳಿಸಿದಳು. ಅವನಿಗೆ ಹಾಲು ಹೆಚ್ಚು ಹಾಕಿದ ಕಾಫಿ ತರಿಸಿಕೊಟ್ಟಳು.

"ಎಲ್ಲಿ ತಪ್ಪಾಗಿದೆ ಹೇಳಮ್ಮ," ಎಂದ ಅವನು ಗಾಜಿನ ಆಚೆಯಿಂದ. "ಇಷ್ಟು ವರ್ಷ ಆಯ್ತು, ನನ್ನ ಅಳು ನೋಡಿ ಯಾರೂ ನಕ್ಕಿರ್ಲಿಲ್ಲ."

"ಹೇಳಿ ನೋಡೋಣ ಸರ್. ಶುರು ಮಾಡಿ."

ಅವನು ಹೇಳಿದ. ಅವಳು ಗುಂಡಿ ಒತ್ತಿ, "ಇನ್ನೊಂದ್ಸಲ ಸರ್" ಎಂದಳು.

ಹೇಳಿದ.

"ಇನ್ನೊಂದ್ಸಲ."

ಧ್ವನಿ ಒಡೆಯಿತು. ಬಾಯಿ ಒಣಗಿದಷ್ಟೂ ನಾಲಿಗೆ ಅಂಟುತ್ತದೆ, ಅಂಟಿದಷ್ಟೂ ಸದ್ದು. ನೀರು ಕೇಳಿದ. "ಈಗ ಬೇಡ ಸರ್, ಗಂಟಲು ಬದಲಾದ್ರೆ ಹಿಂದಿನದಕ್ಕೆ ಹೊಂದಲ್ಲ" ಎಂದಳು. ಅದೂ ಸುಳ್ಳಲ್ಲ. ಅವನು ಕಾಫಿಯ ತಳ ಕುಡಿದ. ಇನ್ನೊಂದು, ಮತ್ತೊಂದು. ಗಂಟಲಿನ ಗುಡುಗು ಹೋಗಿ ಹಳೆಯ ಬಾಗಿಲಿನ ಕಿರಗುಡುವಿಕೆ ಉಳಿಯಿತು. ಅವನು ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡ.

"ನಂಗೇನೂ ಕೇಳಿಸ್ತಿಲ್ಲ. ನಿಮಗೇನು ಕೇಳಿಸ್ತಿದೆ?"

"ನಿಮ್ಮ ಬಾಯಿ ಸರ್."

ಅವನು ಗಾಜಿಗೆ ಹತ್ತಿರ ಬಂದು, ಕಣ್ಣಿಗೆ ಬೆಳಕು ಬೀಳದಂತೆ ಕೈ ಅಡ್ಡ ಹಿಡಿದು ಒಳಗೆ ನೋಡಿದ. "ನಿಮ್ಮನ್ನ ಎಲ್ಲೋ ನೋಡಿದೀನಿ."

"ನಮ್ಮ ಮನೆಗೆ ಬಂದಿದ್ರಿ. ನಮ್ಮ ಅತ್ತೆ ನಿಮ್ಮ ಕೈ ಹಿಡ್ಕೊಂಡು ಈ ಮಾತು ಹೇಳಿದ್ರು. ನಾನು ಬಾಗಿಲ ಹತ್ರ ನಿಂತಿದ್ದೆ."

ಅವನು ಗಾಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಒಳ್ಳೆ ಹುಡುಗ," ಎಂದ. "ಆದ್ರೆ ನೋಡಮ್ಮ, ನಾನು ಹತ್ತು ಅಂತ ಹೇಳ್ಲಿಲ್ಲ. ಮೇಲಿಂದ ಹಿಡಿ ಅಂದೆ ಅಷ್ಟೇ."

ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಿದಳು.

"ಇನ್ನೊಂದ್ಸಲ ಸರ್."

ಅವನು ಹೇಳಿದ. ಯಾಕೆ ಹೇಳಿದನೋ, ಎದ್ದು ಹೋಗಬಹುದಿತ್ತು. ಮಧ್ಯಾಹ್ನದವರೆಗೂ ಹೇಳಿದ.

ಅವನು ಹೋದ ಮೇಲೆ ಮೇಷ್ಟ್ರು ಬಂದು ಅವಳ ಹಿಂದೆ ನಿಂತರು. ಪರದೆಯ ಮೇಲೆ ಅಂದು ಹಿಡಿದ ಮಾತಿನ ಚಿತ್ರವಿತ್ತು, ಸದ್ದನ್ನು ಬಣ್ಣವಾಗಿ ತೋರಿಸುವ ಚಿತ್ರ. ಕೆಳಗೆ ಅವನ ಧ್ವನಿಯ ದಪ್ಪ ಪಟ್ಟೆಗಳು. ಮೇಲೆ, ತೊಳೆದಿದ್ದರೆ ಕಪ್ಪಾಗಿರಬೇಕಾದ ಜಾಗದಲ್ಲಿ, ಮುಳ್ಳು ನಾಟಿದ ಹಾಗೆ ಬಿಳಿಯ ಸಣ್ಣ ಗೀರುಗಳು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಕಿವಿ ಹೋಗಿದೆ. ಕಣ್ಣು ಇನ್ನೂ ಹೋಗಿಲ್ಲ ತಾಯಿ."

ಅವಳು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು.

"ಮೊದಲನೇದ್ರಲ್ಲೂ ಹೀಗೇ ಬಿಟ್ಟಿದ್ಯಾ?"

"ಹೂಂ."

"ಇದೆಲ್ಲಾ ತೊಳೆದು ಕಳಿಸಬೇಕು ಅಂತ ನಿಂಗೆ ನಾನೇ ಹೇಳ್ಕೊಟ್ಟೆ."

"ಹೂಂ."

"ನಾನು ಹೇಳಿದ್ರೆ ತೊಳೀ‌ತೀಯಾ?"

"ಇಲ್ಲ ಮೇಷ್ಟ್ರೇ. ನೀವೇ ತೊಳೀಬಹುದು. ನಾನು ನಾಳೆಯಿಂದ ಬರಲ್ಲ."

ಮೇಷ್ಟ್ರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಮೊಣಕಾಲು ಸವರಿಕೊಂಡರು. "ಅಟ್ಟಣಿಗೆ ಮೇಲೆ ಹೇಗೆ ನಿಲ್ಲಬೇಕು ಅಂತ ಅವನಿಗೂ ನಾನೇ ಹೇಳ್ಕೊಟ್ಟಿದ್ದು" ಎಂದರು. ಆಮೇಲೆ ಕೈ ಚಾಚಿ ಪರದೆಯನ್ನು ಆರಿಸಿದರು. "ನನ್ನ ವಯಸ್ಸಿಗೆ ಇದೆಲ್ಲ ಕೇಳಿಸಲ್ಲ. ಅದು ಎಲ್ರಿಗೂ ಗೊತ್ತು. ಹೊಸದು ಬೇಡ, ಹಳೇದೇ ಚೆನ್ನಾಗಿದೆ ಅಂತ ಹೇಳಿ ಕಳಿಸ್ತೀನಿ."

ಪ್ರಸಾರಕ್ಕೆ ಒಂದು ವಾರ ಇರುವಾಗ ಆ ದೃಶ್ಯದ ತುಣುಕನ್ನು ಪ್ರಚಾರಕ್ಕೆಂದು ಬಿಟ್ಟರು. ಜನ ಅದನ್ನು ಫೋನಿನಲ್ಲಿ, ಇಯರ್‌ಫೋನು ಹಾಕಿಕೊಂಡು ನೋಡಿದರು. ಅವಳು ಅಷ್ಟನ್ನು ಯೋಚಿಸಿರಲಿಲ್ಲ. ಇಯರ್‌ಫೋನಿನಲ್ಲಿ ಅವನು ಕಿವಿಯ ಹತ್ತಿರ ನಿಲ್ಲದೆ ಒಳಗೇ ಹೋಗಿ ಕೂತ. ನುಂಗುವುದನ್ನಷ್ಟೇ ಕತ್ತರಿಸಿ ತಾಳಕ್ಕೆ ಹೊಂದಿಸಿ ಯಾರೋ ಹಾಡು ಮಾಡಿದರು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅದು ಮೊಳಗಿತು. ನಟ ಒಂದು ಸಂದರ್ಶನಕ್ಕೆ ಬಂದಾಗ ಪ್ರತಿ ಉತ್ತರಕ್ಕೂ ಮೊದಲು ಬಾಟಲಿಯಿಂದ ಗುಟುಕು ನೀರು ಕುಡಿದ. ಜನ ಅದಕ್ಕೂ ನಕ್ಕರು. ಇನ್ನೊಂದಕ್ಕೆ ಬರಲಿಲ್ಲ. ಗೋಡೆಯ ಬಣ್ಣದ ಜಾಹೀರಾತಿನಲ್ಲಿ ಅವನ ಜಾಗಕ್ಕೆ ಬೇರೆ ಯಾರದೋ ಧ್ವನಿ ಬಂತು. ಅವಳು ಒಂದೊಂದನ್ನೂ ಹುಡುಕಿ ನೋಡಿದಳು. ನೋಡಿದ್ದನ್ನೇ ಮತ್ತೆ ನೋಡಿದಳು. ಹೊಟ್ಟೆ ತುಂಬಿದ ಮೇಲೂ ತಟ್ಟೆಯಲ್ಲಿದ್ದದ್ದನ್ನು ಬಿಡಲಾರದೆ ತಿನ್ನುವವರ ಹಾಗೆ.

ಭಾನುವಾರ ಮಧ್ಯಾಹ್ನ ಚಿತ್ರ ಟೀವಿಯಲ್ಲಿ ಬಂತು. ಅತ್ತೆ ಒಗೆದ ಸೀರೆ ಉಟ್ಟು, ಕುರ್ಚಿಯನ್ನು ಟೀವಿಗೆ ಹತ್ತಿರ ಎಳೆದುಕೊಂಡು ಕೂತಿದ್ದರು. ಪಕ್ಕದ ಮನೆಯವರನ್ನೂ ಕರೆದಿದ್ದರು, ಅವರು ಬಂದಿರಲಿಲ್ಲ.

"ಯಾಕೋ ಜನ ಅವರನ್ನ ಆಡ್ಕೊಳ್ತಾರಂತೆ. ಪಕ್ಕದ ಮನೆಯವಳ ಮೊಮ್ಮಗಳು ಹೇಳ್ತಿದ್ಲು. ಒಳ್ಳೆಯವರಿಗೆ ಕಾಲ ಇಲ್ಲ." ಅವಳ ಕಡೆ ತಿರುಗಿದರು. "ನೀನು ಮಾಡಿದ್ದಲ್ವಾ ಇದು? ಹೆಸರು ಬರುತ್ತಾ ನಿಂದು?"

"ಕೊನೇಲಿ ಬರುತ್ತೆ."

"ಕೂತ್ಕೋ ಮತ್ತೆ. ನಿಂತೇ ಇದೀಯ."

ಅವಳು ಕೂತಳು. ಚಿತ್ರ ಸಾಗಿತು. ಆಸ್ಪತ್ರೆಯ ದೃಶ್ಯ ಬಂತು. ನಾಲಿಗೆ, ಹಲ್ಲು, ಎಂಜಲು, ಅವಳು ಇಟ್ಟದ್ದೆಲ್ಲ ಇಟ್ಟಲ್ಲೇ ಇತ್ತು. ಒಂದೊಂದೂ ಅವಳ ಕಿವಿಗೆ ಸೂಜಿಯ ಹಾಗೆ ಬಂದು ತಾಗಿತು. ಅತ್ತೆಯ ಮುಖದಲ್ಲಿ ಒಂದಕ್ಕೂ ಒಂದು ಗೆರೆ ಅಲುಗಲಿಲ್ಲ. ಆ ಎಪ್ಪತ್ತರ ಕಿವಿಗೆ ಉಳಿದಿದ್ದದ್ದು ಅವನ ಎದೆಯ ದನಿ ಮಾತ್ರ, ದಪ್ಪಗೆ, ಬೆಚ್ಚಗೆ, ತೊಳೆದಿಟ್ಟಷ್ಟು ಶುಭ್ರವಾಗಿ.

"ಸ್ವಲ್ಪ ಜೋರು ಮಾಡೇ. ಈಗ ನನ್ನ ಮಾತು ಬರುತ್ತೆ."

ಅವಳು ರಿಮೋಟು ತೆಗೆದುಕೊಂಡು ಸದ್ದನ್ನು ಪೂರ್ತಿ ನಿಲ್ಲಿಸಿದಳು.

"ಯಾಕೆ? ಏನಾಯ್ತು? ಹಾಳಾಯ್ತಾ?"

"ಇಲ್ಲ ಅತ್ತೆ. ನಾನೇ ನಿಲ್ಲಿಸಿದೆ. ನಿಮ್ಮ ಹತ್ರ ಒಂದು ವಿಷಯ ಹೇಳಬೇಕು."

ಕುರ್ಚಿ ತಿರುಗಿಸಿ ಅತ್ತೆಗೆ ಎದುರಾಗಿ ಕೂತಳು. ಮುದಿ ಕಿವಿಗೆ ಕೂಗಿ ಹೇಳಿದರೆ ತಲುಪುವುದಿಲ್ಲ, ದನಿಯನ್ನು ತಗ್ಗಿಸಿ, ಬಾಯಿ ಕಾಣುವ ಹಾಗೆ, ಒಂದೊಂದೇ ಮಾತಾಗಿ ಹೇಳಬೇಕು. ಹಾಗೆಯೇ ಹೇಳಿದಳು. ಕಟ್ಟಡ, ಗಾಳಿ, ಕಾಲರ್ ಮೈಕು, ಅಂಗಿಯ ಇಸ್ತ್ರಿ. ಗಂಡ ಎರಡು ಸಲ ಕೇಳಿದ್ದು. ಮೊದಲ ಟೇಕು ಚೆನ್ನಾಗಿ ಬಂದಿದ್ದು. ಅತ್ತೆ ಒಂದು ಸಲ ಮಾತ್ರ ಪರದೆಯ ಕಡೆ ನೋಡಿದರು. ಅಲ್ಲಿ ದೊಡ್ಡದಾದ ಬಾಯಿಯೊಂದು ಸದ್ದಿಲ್ಲದೆ ತೆರೆಯುತ್ತ ಮುಚ್ಚುತ್ತ ಇತ್ತು.

ಹೇಳಿ ಮುಗಿದ ಮೇಲೆ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಎಷ್ಟು ದೊಡ್ಡದಿರುತ್ತೆ ಅದು?" ಎಂದರು ಅತ್ತೆ. "ಅವರು ಹಾಕ್ಕೊಳ್ಳಲ್ಲ ಅಂದಿದ್ದು."

ಅವಳು ತನ್ನ ಕಿರುಬೆರಳನ್ನು ಎತ್ತಿ, ಹೆಬ್ಬೆರಳಿನಿಂದ ಉಗುರಿನ ತುದಿಯಲ್ಲಿ ಒಂದಿಷ್ಟು ಬಿಟ್ಟು ಉಳಿದದ್ದನ್ನು ಮುಚ್ಚಿ ತೋರಿಸಿದಳು.

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡರು. ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ, ಆ ಉಗುರನ್ನೇ ನೋಡುತ್ತ ಕೂತರು.